ಬೆಟ್ಟ ಹತ್ತಿದ ಹಿಮ

ಹಿಮ ಬೆಟ್ಟ ಹತ್ತುತ್ತಿದೆ ಎಂದು ಕಂಪ್ಯೂಟರು ಮೂರನೆಯ ಸಲ ಹೇಳಿತ್ತು. ನಕ್ಷೆಯಕ್ಕ ಮೂರನೆಯ ಸಲವೂ ಅದನ್ನು ಒರೆಸಿ ಹಾಕಿ ಮನೆಗೆ ಬಂದಿದ್ದಳು.

ಕಚೇರಿಯಲ್ಲಿ ಅವಳಿಗೆ ನಕ್ಷೆಯಕ್ಕ ಎಂದೇ ಹೆಸರು. ಭೂಮಿಯ ತುದಿಯಲ್ಲಿ ಹಾಸಿಕೊಂಡಿರುವ ಹಿಮದ ಚಿತ್ರಗಳನ್ನು ಉಪಗ್ರಹ ಕಳಿಸುತ್ತದೆ. ಹನ್ನೆರಡು ದಿನಗಳ ಅಂತರದ ಎರಡು ಚಿತ್ರಗಳನ್ನು ಅವಳು ಜೋಡಿ ಮಾಡಿ ಕೊಟ್ಟರೆ, ಮೊದಲನೆಯದರಲ್ಲಿದ್ದ ಬಿರುಕು ಎರಡನೆಯದರಲ್ಲಿ ಎಲ್ಲಿಗೆ ಸರಿದಿದೆ ಎಂದು ಕಂಪ್ಯೂಟರು ಹುಡುಕಿ, ಸರಿದಷ್ಟು ದೂರಕ್ಕೆ ಒಂದು ಪುಟ್ಟ ಬಾಣ ಬರೆಯುತ್ತದೆ. ಹಿಮವೂ ನೀರಿನಂತೆಯೇ, ನಿಧಾನವಾಗಿಯಾದರೂ ಇಳಿಜಾರು ಹಿಡಿದು ಸಮುದ್ರದ ಕಡೆಗೇ ಹೋಗುವುದು. ಹಾಗಾಗಿ ಬಾಣದ ಮೊನೆ ಕೆಳಗಿರಬೇಕು. ಮೇಲಕ್ಕಿದ್ದರೆ ಕಂಪ್ಯೂಟರು ಎಲ್ಲೋ ಎಡವಿದೆ ಎಂದು ಲೆಕ್ಕ. ಬಾಣ ಒರೆಸಿ ಆ ಜಾಗವನ್ನು ಬಿಳಿ ಬಿಡಬೇಕು. ಅದು ಕಚೇರಿಯ ಕಟ್ಟಳೆ. ಅವರೆಲ್ಲ 'ನಾಲಗೆ' ಎಂದು ಕರೆಯುತ್ತಿದ್ದ ಹಿಮದ ತುಂಡೊಂದರಲ್ಲಿ ಒಂದು ತಿಂಗಳಿನಿಂದ ಬಾಣಗಳೆಲ್ಲ ಮೊನೆ ಮೇಲೆ ಮಾಡಿಕೊಂಡಿದ್ದವು.

ಇವತ್ತು ಮಧ್ಯಾಹ್ನ ಆ ನಾಲಗೆಯ ಮೇಲೆಯೇ ನಾಲ್ಕು ಜನ ಇಳಿದು, ಆರು ವಾರಕ್ಕೆಂದು ಗುಡಾರ ಹೂಡುವವರಿದ್ದರು. ಅವರ ಮುಂದಾಳು, ಎಲ್ಲರೂ ಗಡ್ಡ ಎಂದೇ ಕರೆಯುವವನು, ಹತ್ತು ವರ್ಷ ಅವಳ ಪಕ್ಕದ ಮೇಜಿನಲ್ಲಿ ಕೂತವನು. ಜಾಗ ಹೇಗಿದೆ ಎಂದು ನಿನ್ನೆ ಹಡಗಿನಿಂದ ಫೋನು ಮಾಡಿ ಕೇಳಿದ್ದ.

"ಮೊದಲು ದಿನಕ್ಕೆ ಮೂರು ಮೀಟರ್ ಹೋಗ್ತಿತ್ತು. ಈಗಿಂದು ಗೊತ್ತಿಲ್ಲ. ಬಿಳಿ ಬಿಟ್ಟಿದೀನಿ."

"ಬಿಳೀನಾ? ಇಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಬಿಳೀನೇ ತಾಯಿ. ಹೊಸದೇನಾದ್ರೂ ಹೇಳು," ಎಂದು ನಕ್ಕಿದ್ದ.

ಅವಳೂ ನಕ್ಕಿದ್ದಳು. ಬೆಳಿಗ್ಗೆ ಎದ್ದಾಗ ಮಾತ್ರ ಮೊದಲು ನೆನಪಾದದ್ದು ಆ ಬಿಳಿ ಜಾಗವೇ.

ಡಬ್ಬಿ ತುಂಬಿಸಿ, ಒಲೆ ಒರೆಸಿ ಹೊರಗೆ ಬಂದರೆ ಆರು ವರ್ಷದ ಮಗಳು ಗುಬ್ಬಿ ನಡುಮನೆಯಲ್ಲಿ ನಿಂತು ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಿದ್ದಳು. ನಾಲಗೆ ಅರ್ಧ ಹೊರಗೆ, ಹುಬ್ಬು ಗಂಟು. ಬಾಗಿಲಲ್ಲಿ ಅವಳಪ್ಪ ಚೀಲ ಹಿಡಿದು ಗಡಿಯಾರ ನೋಡುತ್ತಿದ್ದ.

"ನೀನೇ ಹಾಕಿಬಿಡೇ, ಬಸ್ಸು ಹೋಗತ್ತೆ," ಎಂದ.

"ಇರಲಿ, ಅವಳೇ ಹಾಕ್ಕೋತಾಳೆ." ಕೈ ಹಾಕಿದರೆ ಗುಬ್ಬಿ ಹಾಕಿದ್ದನ್ನೆಲ್ಲ ಬಿಚ್ಚಿ ಮೊದಲಿನಿಂದ ಶುರು ಮಾಡುತ್ತಾಳೆಂದು ತಾಯಿಗೆ ಗೊತ್ತಿತ್ತು. ಅವಳು ಮಗಳೆದುರು ಕುಕ್ಕರಗಾಲಲ್ಲಿ ಕೂತು ಕಾದಳು.

"ಆಯ್ತು, ನೋಡು. ಎಲ್ಲಾ ಸರಿಯಾಗಿದೆ," ಎಂದಳು ಗುಬ್ಬಿ.

"ಎಲ್ಲಾ ಸರಿಯಾಗಿದೆ ಕಂದ. ಕೆಳಗೆ ಒಂದು ಗುಂಡಿ ಉಳ್ಕೊಂಡಿದೆಯಲ್ಲ?"

"ಅದು ಎಕ್ಸ್ಟ್ರಾ."

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅಮ್ಮ ನಗಲಿಲ್ಲ. ಅವಳ ಕಣ್ಣು ಅಂಗಿಯ ಮೇಲೇ ನೆಟ್ಟಿತು. ನಡುವೆ ಎಲ್ಲಿ ನೋಡಿದರೂ ತಪ್ಪಿಲ್ಲ. ಪ್ರತಿ ಗುಂಡಿಗೂ ಒಂದು ಕಾಜಾ ಸಿಕ್ಕಿದೆ. ಸಿಕ್ಕಿದ್ದು ಪಕ್ಕದ್ದರ ಕಾಜಾ, ಅಷ್ಟೆ. ತುದಿಗೆ ಹೋಗಿ ನೋಡುವವರೆಗೂ ಅದು ಗೊತ್ತಾಗುವುದೇ ಇಲ್ಲ.

ನಾಲಗೆಯ ಮೇಲಿನ ಬಿರುಕುಗಳೂ ಹಾಗೇ ಅಲ್ಲವೇ? ನೂರಿಪ್ಪತ್ತು ಮೀಟರಿಗೊಂದು, ಅಚ್ಚು ಹೊಡೆದಂತೆ ಒಂದರ ಹಾಗೆ ಇನ್ನೊಂದು. ಹಿಮ ನೂರು ಮೀಟರು ಕೆಳಗೆ ಸರಿದಿದ್ದರೆ ಪ್ರತಿ ಬಿರುಕೂ ತನ್ನ ಮುಂದಿನ ಬಿರುಕಿನ ಜಾಗಕ್ಕೆ ಇಪ್ಪತ್ತೇ ಮೀಟರು ಹಿಂದೆ ಬಂದು ನಿಂತಿರುತ್ತದೆ. ಕಂಪ್ಯೂಟರು ಹತ್ತಿರ ಕಂಡದ್ದನ್ನೇ ಅಲ್ಲಿದ್ದ ಹಳೆಯ ಬಿರುಕೆಂದು ನಂಬಿ, ಹಿಮ ಇಪ್ಪತ್ತು ಮೀಟರು ಬೆಟ್ಟ ಹತ್ತಿತು ಎನ್ನುತ್ತದೆ. ಬಾಣಗಳು ಹೇಳುತ್ತಿದ್ದುದು ಅದೇ ಇಪ್ಪತ್ತು.

ಹನ್ನೆರಡು ದಿನಕ್ಕೆ ನೂರು ಮೀಟರು ಎಂದರೆ ದಿನಕ್ಕೆ ಮೂರಲ್ಲ, ಎಂಟು ಮೀಟರು. ಅಷ್ಟು ರಭಸಕ್ಕೆ ಎಳೆದಾಡುವ ಹಿಮದಲ್ಲಿ ಎಲ್ಲಿ ಬೇಕಾದರೂ ಹೊಸ ಬಿರುಕು ಬಾಯಿ ಬಿಟ್ಟೀತು. ಅದನ್ನು ಅವಳು ತಿಂಗಳಿಡೀ ಕೈಯಾರೆ ಒರೆಸಿದ್ದಳು.

"ನನ್ನ ಬಂಗಾರ ಕಣೇ ನೀನು," ಎಂದು ಗುಬ್ಬಿಯ ಎರಡೂ ಕೆನ್ನೆಗೆ ಮುತ್ತಿಟ್ಟು, ಚಪ್ಪಲಿ ಮೆಟ್ಟಿ ಓಡಿದಳು.

"ಅಂಗಿ ಹೀಗೇ ಇರಲಾ?" ಹಿಂದಿನಿಂದ ಗಂಡ ಕೂಗಿದ.

ಕಚೇರಿ ತಲುಪುವಾಗ ಹತ್ತೂಕಾಲು. ಹಡಗಿನಿಂದ ಹೆಲಿಕಾಪ್ಟರ್ ಹೊರಡುವುದು ಹನ್ನೆರಡಕ್ಕೆ. ಕಚೇರಿಯ ಮುಖ್ಯಸ್ಥೆ ಮೇಡಂ ತಮ್ಮ ಕೋಣೆಯಲ್ಲಿ ಕನ್ನಡಕ ತಲೆಗೇರಿಸಿಕೊಂಡು ಕಾಗದ ಓದುತ್ತಿದ್ದರು.

"ಮೇಡಂ, ನಾಲಗೇಲಿ ಗುಂಡಿ ತಪ್ಪಿದೆ."

"ಯಾರ ನಾಲಗೇರೀ? ಯಾವ ಗುಂಡಿ? ಹಳ್ಳಾನಾ?"

"ಅಂಗಿ ಗುಂಡಿ ಮೇಡಂ."

ಮೇಡಂ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎದುರಿನ ಕುರ್ಚಿ ತೋರಿಸಿದರು. "ಕೂತ್ಕೊಂಡು ಹೇಳಿ."

ಅವಳು ಕೂರಲಿಲ್ಲ. ಎರಡೂ ಚಿತ್ರಗಳನ್ನು ಪರದೆಯ ಮೇಲೆ ತೆರೆದು, ನಡುವನ್ನು ಬಿಟ್ಟು ಬಿರುಕುಗಳ ಸಾಲು ಮುಗಿಯುವ ತುದಿಗೆ ಹೋದಳು. ಹಳೆಯ ಚಿತ್ರದಲ್ಲಿ ಕೊನೆಯ ಬಿರುಕು ಹಾವಿನ ನಾಲಗೆಯಂತೆ ಕವಲೊಡೆದಿತ್ತು. ಅಂಥದ್ದು ಇಡೀ ಸಾಲಿನಲ್ಲಿ ಇನ್ನೊಂದಿರಲಿಲ್ಲ. ಹೊಸ ಚಿತ್ರದಲ್ಲಿ ಅದನ್ನು ಹುಡುಕಿದಳು. ಇದ್ದ ಜಾಗದಲ್ಲಿ ಇಲ್ಲ. ಇಪ್ಪತ್ತು ಮೀಟರು ಮೇಲೂ ಇಲ್ಲ. ಕೆಳಗೆ, ಇನ್ನೂ ಕೆಳಗೆ, ಸರಿಯಾಗಿ ನೂರು ಮೀಟರಿಗೆ ಕವಲು ನಗುತ್ತಾ ಕೂತಿತ್ತು.

ಮೇಡಂ ಕನ್ನಡಕವನ್ನು ಕಣ್ಣಿಗಿಳಿಸಿದರು. "ಚೆನ್ನಾಗಿದೆ. ಆದ್ರೆ ಒಂದು ಕವಲು ನಂಬ್ಕೊಂಡು ನಾಲ್ಕು ಜನರ ಕೆಲಸ ನಿಲ್ಲಿಸಕ್ಕಾಗಲ್ಲ. ಒಂದು ವರ್ಷದ ತಯಾರಿ ಅದು. ಅದು ಹೊಸದಾಗಿ ಒಡೆದ ಕವಲಾಗಿದ್ರೆ?"

ಮಾತು ನ್ಯಾಯವೇ. ನಕ್ಷೆಯಕ್ಕ ಉಗುರು ಕಚ್ಚುತ್ತಾ ಕೋಣೆಯ ಉದ್ದಕ್ಕೂ ಎರಡು ಸಲ ಓಡಾಡಿ ನಿಂತಳು.

"ಆರು ದಿನ," ಎಂದಳು. "ನಡುವಿನ ಚಿತ್ರ ಇದೆ ಮೇಡಂ, ಇನ್ನೊಂದು ಉಪಗ್ರಹದ್ದು. ಆರು ದಿನಕ್ಕೆ ಐವತ್ತೇ ಮೀಟರ್ ಸರಿದಿರತ್ತೆ. ಆಗ ಹತ್ತಿರ ಇರೋದು ಪಕ್ಕದ ಬಿರುಕಲ್ಲ, ಅದರದೇ ಬಿರುಕು. ಕಂಪ್ಯೂಟರ್ ಎಡವಬೇಕು ಅಂದ್ರೂ ಎಡವಕ್ಕಾಗಲ್ಲ."

"ಎಷ್ಟು ಹೊತ್ತು ಬೇಕು?"

"ಮುಕ್ಕಾಲು ಗಂಟೆ."

"ಹಾಕಿ. ನಾನು ಹಡಗಿಗೆ ಫೋನು ಹಚ್ಚಿಸ್ತೀನಿ."

ಆ ಮುಕ್ಕಾಲು ಗಂಟೆ ಅವಳಿಗೆ ಮುಗಿಯದ ಹೆರಿಗೆ ನೋವಿನಂತಿತ್ತು. ಅಕ್ಕಪಕ್ಕದ ಮೇಜಿನವರೆಲ್ಲ ಬಂದು ಬೆನ್ನ ಹಿಂದೆ ಜೇನಿನಂತೆ ಮುತ್ತಿದರು. ಹನ್ನೊಂದೂವರೆಗೆ ಮೊದಲ ಬಾಣ ಮೂಡಿತು. ಮೊನೆ ಕೆಳಗೆ. ಎರಡನೆಯದೂ ಕೆಳಗೆ. ಆಮೇಲೆ ಹತ್ತು, ನೂರು, ಮಳೆ ಹೊಯ್ದಂತೆ ನಾಲಗೆಯ ತುಂಬ ಕೆಂಪು ಬಾಣಗಳು, ಎಲ್ಲವೂ ಸಮುದ್ರಕ್ಕೆ ಮುಖ ಮಾಡಿ. ಪ್ರತಿಯೊಂದರ ಪಕ್ಕದಲ್ಲಿ ಐವತ್ತು, ಐವತ್ತೊಂದು, ನಲವತ್ತೊಂಬತ್ತು. ಯಾರೋ ಶಿಳ್ಳೆ ಹಾಕಿದರು. ಮೇಡಂ ಬೈಯಲಿಲ್ಲ, ರಿಸೀವರನ್ನು ಅವಳ ಕೈಗಿತ್ತರು.

"ಏನಮ್ಮ ತಾಯಿ, ಕಾಲು ಮೆಟ್ಟಿಲ ಮೇಲಿದೆ ನಂದು," ಗಡ್ಡನ ದನಿ. ಹಿಂದೆ ಹೆಲಿಕಾಪ್ಟರಿನ ಗದ್ದಲ.

"ಕಾಲು ತೆಗಿ. ಅಲ್ಲಿ ಇಳೀಬೇಡ. ದಿನಕ್ಕೆ ಎಂಟು ಮೀಟರ್ ಓಡ್ತಿದೆ ಅದು."

"ನಿನ್ನೆ ಬಿಳಿ ಅಂದೆ."

"ನಿನ್ನೆ ನಾನು ಪೆದ್ದಿ. ಗುಂಡಿ ತಪ್ಪಿಸ್ಕೊಂಡಿದ್ದೆ."

"ಗುಂಡಿ ತಪ್ಪಿಸ್ಕೊಂಡ್ರೆ ಒಳ್ಳೇದಲ್ವೇನೇ? ಬೀಳೋದು ಕಷ್ಟ."

"ತಮಾಷೆ ಸಾಕು. ಪಕ್ಕದಲ್ಲಿ ಬಂಡೆಗುಡ್ಡ ಇದೆಯಲ್ಲ, ಗುಡಾರ ಅದರ ಮೇಲೆ ಹಾಕು. ಮೇಲಿಂದ ಅಳೆದು ನೋಡು. ಸುಳ್ಳಾದ್ರೆ ಬಂದು ನನ್ನ ಕಿವಿ ಹಿಂಡು."

"ಕಲ್ಲಿನ ಮೇಲೆ ಆರು ವಾರ," ಎಂದು ಗಡ್ಡ ಗೊಣಗಿದ. "ಬೆನ್ನು ನಿಂದಲ್ವಲ್ಲ." ಆಮೇಲೆ ಯಾರಿಗೋ ದಾರಿ ಬದಲಿಸಲು ಕೂಗಿ ಹೇಳಿದ್ದು ಕೇಳಿಸಿತು.

ಊಟದ ಹೊತ್ತಿಗೆ ಯಾರೂ ಡಬ್ಬಿ ಮುಟ್ಟಲಿಲ್ಲ. ಮೂರೂವರೆಗೆ ಫೋನು ಬಂತು. ಹೆಲಿಕಾಪ್ಟರ್ ಇಳಿಯದೆ ತೇಲಿಕೊಂಡೇ ಹಿಮದ ಮೇಲೊಂದು ಬಾವುಟದ ಕಂಬ ನೆಟ್ಟು ಬಂದಿತ್ತಂತೆ. ಗಡ್ಡ ಬಂಡೆಯ ಮೇಲೆ ಕೂತು ದುರ್ಬೀನಿನಲ್ಲಿ ಅದನ್ನು ಎರಡು ಗಂಟೆ ಅಳೆದಿದ್ದ.

"ಬರ್ಕೋ," ಎಂದ. ದನಿಯಲ್ಲಿ ತಮಾಷೆಯಿರಲಿಲ್ಲ, ಮಕ್ಕಳ ಬೆರಗಿತ್ತು. "ಗಂಟೆಗೆ ಒಂದೂವರೆ ಗೇಣು. ಇಷ್ಟು ದೊಡ್ಡ ಹಿಮ ಕಣೇ, ಊರಿಗೆ ಊರೇ ಎದ್ದು ನಡೆದ ಹಾಗೆ. ನಾವು ಇಳೀಬೇಕಿದ್ದ ಕಡೆ ಈಗಷ್ಟೇ ಒಂದು ಬಿರುಕು ಬಿಟ್ಟಿದೆ. ಸದ್ದು ಇಲ್ಲೀವರೆಗೂ ಬಂತು."

ನಕ್ಷೆಯಕ್ಕ ಹೆಬ್ಬೆರಳು ಕಿರುಬೆರಳು ಚಾಚಿ ಮೇಜಿನ ಮೇಲೆ ಒಂದು ಗೇಣು ಇಟ್ಟಳು, ಮುಂದೆ ಇನ್ನರ್ಧ. ಪಕ್ಕದಲ್ಲಿ ಮೇಡಂ ಕೂಡ ಬಳೆ ಸರಿಸಿ ಗೇಣು ಹಾಕಿ ನೋಡುತ್ತಿದ್ದರು.

"ಇಷ್ಟು ಹಿಮ ಸಮುದ್ರಕ್ಕೆ ಸುರೀತಿರೋದು ಯಾವತ್ತಿಂದ?" ಎಂದರು ಮೆಲ್ಲಗೆ.

"ಒರೆಸಿದ್ದೆಲ್ಲ ಹಾಗೇ ಎತ್ತಿಟ್ಟಿದೀನಿ ಮೇಡಂ," ಎಂದು ಅವಳು ಕುರ್ಚಿ ಎಳೆದುಕೊಂಡು ಕೂತಳು. ತಿಂಗಳ ಹಿಂದಿನ ಮೊದಲ ಚಿತ್ರವನ್ನು ತೆರೆದು, ತುದಿಯ ಬಿರುಕಿನಿಂದ ಎಣಿಸತೊಡಗಿದಳು.