ಕಿಂಡಿ ಕಾವಲು

ಮಾ ದಾಲ್‌ಸು ಇಳಿದಿದ್ದ ಕಡೆ ಗಾಳಿ ಇರಲಿಲ್ಲ.

ಇರಬಾರದೆಂದೇ ತೆಗೆದಿದ್ದರು. ಡೀಸೆಲ್ಲಿನಿಂದ ಗಂಧಕ ತೆಗೆಯುವ ಕಾಳು ಆ ಉಕ್ಕಿನ ಗೋಪುರದ ಹೊಟ್ಟೆ ತುಂಬ ಇರುತ್ತದೆ. ಹುರಿದ ಬಾರ್ಲಿಯ ಗಾತ್ರ, ಇದ್ದಿಲಿನ ಬಣ್ಣ. ವರ್ಷಗಟ್ಟಲೆ ದುಡಿದು ಸತ್ತ ಕಾಳಿಗೆ ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಅದಕ್ಕೇ ಗೋಪುರಕ್ಕೆ ನೈಟ್ರೋಜನ್ ತುಂಬಿ, ಅದರೊಳಕ್ಕೆ ಮನುಷ್ಯನನ್ನು ಇಳಿಸಿ, ದಪ್ಪ ಕೊಳವೆಯಿಂದ ಕಾಳನ್ನು ಹೀರಿಸುತ್ತಾರೆ. ಇಳಿಯುವವನ ಸೊಂಟಕ್ಕೆ ಮೇಲಿನ ರಾಟೆಯ ಹಗ್ಗ, ತಲೆಗೆ ಬೀಗ ಹಾಕಿದ ಹೆಲ್ಮೆಟ್, ಹೆಲ್ಮೆಟ್ಟಿಗೆ ಉಸಿರಿನ ಕೊಳವೆ. ಅದು ಕಳಚಿದರೆ ಎರಡು ಉಸಿರಿಗೆ ಬಿದ್ದುಹೋಗುತ್ತಾನೆ.

ದಕ್ಷಿಣ ಕೊರಿಯಾದ ಉಲ್ಸಾನಿನ ತೈಲ ಕಾರ್ಖಾನೆಯ ಆ ಗೋಪುರದ ತುದಿಯಲ್ಲಿ, ಒಬ್ಬ ಮನುಷ್ಯ ತೂರುವಷ್ಟೇ ಅಗಲದ ಕಿಂಡಿಯ ಪಕ್ಕ ಚೋನ್ ಪಿಲ್‌ಸುನ್ ಕೂತಿದ್ದಳು. ಕಿಂಡಿ ಕಾಯುವುದು ಹೆಂಗಸರ ಕೆಲಸ. ಭಾರ ಎತ್ತುವುದಿಲ್ಲವೆಂದು ಗಂಡಸರ ಅರ್ಧ ಕೂಲಿ. ಕಿವಿಗೆ ತಂತಿಯ ಹೆಡ್‌ಫೋನ್, ತೊಡೆಯ ಮೇಲೆ ಉಸಿರಿನ ಕೊಳವೆ, ಸೊಂಟದಲ್ಲಿ ಗುಂಡಿ ಒತ್ತಿದರೆ ಅರಚುವ ಅಪಾಯದ ಕಹಳೆ. ಒಳಗಿರುವವನು ಏನಾದರೂ ಮಾತಾಡುತ್ತಲೇ ಇರಬೇಕು. ಮಾತು ನಿಂತರೆ ಇವಳು ಕೊಳವೆಯನ್ನು ಎರಡು ಸಲ ಜಗ್ಗಬೇಕು. ಒಳಗಿನಿಂದ ಎರಡು ಜಗ್ಗು ಬರಬೇಕು. ಬರದಿದ್ದರೆ ಕಹಳೆ.

"ಅಕ್ಕಾ, ಇದ್ದೀಯಾ?"

"ಇಲ್ದೆ ಎಲ್ಲೋಗ್ಲಿ? ನಿನ್ನ ಬಾಲ ನನ್ನ ತೊಡೆ ಮ್ಯಾಲೈತೆ."

"ಮಧ್ಯಾಹ್ನ ಏನ್ ತಿಂದೆ?"

"ಮೂಲಂಗಿ ಸಾರು. ಬರೀ ನೀರು. ಮೂಲಂಗಿ ಈಜಾಡ್ತಿತ್ತು."

"ಕೈಗೆ ಸಿಕ್ತಾ?"

"ಸಿಕ್ತು. ಅದ್ರಲ್ಲೂ ಕಂಟ್ರಾಕ್ಟರ್ ಅರ್ಧ ಕಚ್ಚಿದ್ದ."

ದಾಲ್‌ಸು ನಕ್ಕ. ತಂತಿಯಲ್ಲಿ ಬರುವ ಅವನ ನಗು ಮುಚ್ಚಿದ ಪಾತ್ರೆಯಲ್ಲಿ ಅನ್ನ ಕುದಿಯುವ ಸದ್ದಿನಂತಿತ್ತು.

ಕೆಳಗಿಳಿದ ಮೇಲೆ ಇಬ್ಬರೂ ಮಾತಾಡುವವರಲ್ಲ. ಊಟದ ಕೋಣೆಯಲ್ಲಿ ಅವನು ಗಂಡಸರ ಸಾಲಿನಲ್ಲಿ ಗೋಡೆಗೆ ಮುಖಮಾಡಿ ತಿನ್ನುತ್ತಿದ್ದ. ಅವಳು ಬಸ್ ಡಿಪೋ ಹಿಂದಿನ ಬಾಡಿಗೆ ಕೋಣೆಗೆ ಹೋಗಿ, ಯಾರದ್ದಾದರೂ ದನಿ ಇರಲೆಂದು ಟೀವಿ ಹಾಕಿ, ಅದಕ್ಕೆ ಬೆನ್ನು ಮಾಡಿ ಮಲಗುತ್ತಿದ್ದಳು. ಅವಳ ಒಂದು ದಿನದ ಮಾತೆಲ್ಲ ಈ ತಂತಿಯಲ್ಲೇ ಮುಗಿಯುತ್ತಿತ್ತು.

"ಅಕ್ಕಾ, ಎಡಗಡೆ ಕಾಳು ಗಟ್ಟಿಯಾಗಿ ಗೋಡೆ ಕಟ್ಕೊಂಡೈತೆ. ನನ್ನ ತಲೆಗಿಂತ ಎತ್ರ. ಮುಟ್ಟಿದ್ರೆ ಕರಕರ ಅಂತೈತೆ."

"ಮುಟ್ಬ್ಯಾಡ ಮತ್ತೆ."

"ಮುಟ್ದೆ ಹೀರೋದು ಹೆಂಗೆ? ನಿಮ್ಮಪ್ಪ ಬತ್ತಾನಾ?"

ಒಳಗೆ ಇಬ್ಬರು ಇಳಿಯಬೇಕೆಂಬುದು ನಿಯಮ. ಒಬ್ಬೊಬ್ಬನನ್ನು ಒಂದೊಂದು ಗೋಪುರಕ್ಕೆ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆಂದು ಹಾಗೆ ಹಾಕಿದ್ದರು.

ಕೆಳಗೆ ಅಂಗಳದಲ್ಲಿ ಚಾಪೆ ಹಾಸಿ, ಮೇಜಿನ ಮೇಲೆ ಬೇಯಿಸಿದ ಹಂದಿಯ ತಲೆ ಇಟ್ಟಿದ್ದರು. ಪಕ್ಕದಲ್ಲಿ ಅಕ್ಕಿ ಕಡುಬು, ಅಕ್ಕಿ ಹೆಂಡ. ದೊಡ್ಡ ಕೆಲಸಕ್ಕೆ ಕೈಹಾಕುವ ಮುಂಚೆ ಯಾರಿಗೂ ಏನೂ ಆಗದಿರಲೆಂದು ಹಂದಿಯ ಬಾಯಿಗೆ ನೋಟು ಸಿಕ್ಕಿಸಿ ಅಡ್ಡಬೀಳುತ್ತಾರೆ. ಈ ಸಲ ರಾಜಧಾನಿ ಸಿಯೋಲ್‌ನಿಂದ ಬರಲು ಕಂಪನಿಯ ಉಪಾಧ್ಯಕ್ಷರಿಗೆ ಬಿಡುವಾಗಿದ್ದು ಈ ದಿನ. ಕೆಲಸ ಕಾಯಲಿಲ್ಲ, ಪೂಜೆ ಕಾದಿತ್ತು.

ಏಣಿ ಅದುರಿತು. ಬಿಳಿ ಹೆಲ್ಮೆಟ್ಟಿನ ಕ್ವಾಕ್ ಮೇಲೆ ಬಂದ. ಕಂಪನಿಯ ಸುರಕ್ಷತಾ ಅಧಿಕಾರಿ. ಅವನ ಹಿಂದೆ ಏದುತ್ತ ಬಂದವನು ಇವರನ್ನು ಕೂಲಿಗಿಟ್ಟುಕೊಂಡ ಗುತ್ತಿಗೆದಾರ ನಮ್‌ಗುಂಗ್. ಇವತ್ತು ಟೈ ಕಟ್ಟಿದ್ದ.

"ಏ ಹೆಂಗಸೇ," ಕ್ವಾಕ್ ಕೂಗಿದ, "ಕಿವುಡೇನೇ? ಆವಾಗಿಂದ ಕೂಗ್ತಿದೀವಿ. ಇಳಿ ಕೆಳಗೆ. ಮಾಂಸ ಕೊಯ್ಯೋಕೆ ಹೆಂಗಸ್ರು ಸಾಲಲ್ಲ."

"ಒಳಗೆ ಮನುಷ್ಯ ಅವ್ನೆ ಸಾರ್."

"ಇರ್ಲಿ. ಎಲ್ಲಿಗಾದ್ರೂ ಓಡಿಹೋಗ್ತಾನಾ?"

"ಅಕ್ಕಾ, ಹತ್ತೇ ನಿಮಿಷ," ನಮ್‌ಗುಂಗ್ ಕೈ ಹಿಸುಕಿಕೊಂಡ. "ದೊಡ್ಡೋರು ಬಂದವ್ರೆ. ನಮ್ಮ ಸಾಲು ಬೋಳು ಕಾಣ್ತೈತೆ. ನನ್ನ ಮಾನ ತೆಗೀಬ್ಯಾಡ."

"ಹಂಗಾದ್ರೆ ದಾಲ್‌ಸೂನ ಮೇಲಕ್ಕೆ ಎಳೀರಿ. ಆಮೇಲೆ ಬತ್ತೀನಿ. ಬೇಕಾದ್ರೆ ಹಂದಿ ಕಿವೀನೂ ತಿಕ್ತೀನಿ."

"ಎತ್ತಿ ಇಳಿಸೋಕೆ ಒಂದು ಗಂಟೆ ಹಿಡಿಯುತ್ತೆ," ಕ್ವಾಕ್ ಗದರಿದ. "ಸಂಜೆಗೆ ಹೊಸ ಕಾಳು ಬೀಳ್ಬೇಕು. ಇಡೀ ದೇಶಕ್ಕೆ ಹೊಗೆ ಇಲ್ಲದ ಡೀಸೆಲ್ ಕೊಡ್ತೀವಿ ಅಂತ ಪೇಪರ್ನಲ್ಲಿ ಬಂದಿದೆ. ನಿನ್ನ ಒಬ್ಬಳಿಗೋಸ್ಕರ ನಿಲ್ಲಿಸ್ಲಾ?"

"ಈ ಪೂಜೆ ಯಾರಿಗೆ ಸಾರ್?"

"ನಿಮಗೇ ಕಣೇ! ನೀವು ಸಾಯ್ದೆ ಇರ್ಲಿ ಅಂತ!"

ಪಿಲ್‌ಸುನ್ ಕೊಳವೆಯನ್ನು ಮುಂಗೈಗೆ ಒಂದು ಸುತ್ತು ಸುತ್ತಿಕೊಂಡಳು. ಕಿವಿಯಲ್ಲಿ ದಾಲ್‌ಸು ಯಾವುದೋ ಊರಿನ ಮೀನು ಸಾರಿನ ಬಗ್ಗೆ ಹೇಳುತ್ತಿದ್ದ.

"ಗಂಡನ್ನ ತಿಂದ ಮುಂಡೆ," ಕ್ವಾಕ್ ಅಂದ, "ಇವನೇನು ಹೊಸ ಗಂಡನೇನೇ, ಹಗ್ಗ ಕಟ್ಕೊಂಡು ಕೂತಿದೀಯ?"

ನಮ್‌ಗುಂಗ್ ನಕ್ಕ.

"ಗಂಡ ಆಗಿದ್ರೆ ಬಿಟ್ಟು ಬತ್ತಿದ್ದೆ," ಅಂದಳು. "ಆ ಬೋಳಿಮಗ ಕುಡ್ಕ."

ಕ್ವಾಕ್ ಬಗ್ಗಿ ಹೆಡ್‌ಫೋನಿಗೆ ಕೈಹಾಕಿ ಕಿತ್ತ. ತಂತಿ ಬುಡದಿಂದ ಕಳಚಿ ಬಂತು. ಮೀನು ಸಾರು ಅರ್ಧಕ್ಕೇ ನಿಂತಿತು. ಅವಳ ಕಿವಿಗೆ ಈಗ ಗಾಳಿ ಮತ್ತು ಕೆಳಗಿನ ಮೈಕು ಮಾತ್ರ ಕೇಳಿಸುತ್ತಿದ್ದವು.

ಮುಂಗೈ ಸುತ್ತಿದ್ದ ಕೊಳವೆ ಒಮ್ಮೆ ಜೋರಾಗಿ ಒಳಕ್ಕೆ ಸರಿದು ನಿಂತುಬಿಟ್ಟಿತು. ಆಮೇಲೆ ಅಲುಗಲಿಲ್ಲ. ಪಿಲ್‌ಸುನ್ ಎರಡು ಸಲ ಜಗ್ಗಿದಳು. ಕಾದಳು. ಮತ್ತೆ ಎರಡು ಸಲ ಜಗ್ಗಿದಳು. ಬಂಡೆಗೆ ಕಟ್ಟಿದ ಹಗ್ಗ ಜಗ್ಗಿದ ಹಾಗಿತ್ತು.

ಅವಳ ಕೈ ಸೊಂಟಕ್ಕೆ ಹೋಯಿತು.

"ಏಯ್, ಅದನ್ನ ಒತ್ತಿದ್ರೆ ನಿನ್ನ ಹೆಣ ಎತ್ತಿಸ್ತೀನಿ. ದೊಡ್ಡೋರು ಅಡ್ಡಬಿದ್ದಿದಾರೆ ಅಲ್ಲಿ!"

ಪಿಲ್‌ಸುನ್ ಕಹಳೆ ಒತ್ತಿದಳು. ಕೈ ತೆಗೆಯಲಿಲ್ಲ.

ಕೆಳಗೆ ಸಾಲುಗಳು ಒಡೆದವು. ಆ ಸದ್ದಿಗೆ ಎಲ್ಲರೂ ಎಲ್ಲವನ್ನೂ ಬಿಟ್ಟು ಗೇಟಿನ ಬಯಲಿಗೆ ಓಡಬೇಕು, ಓಡಿದರು. ಉಪಾಧ್ಯಕ್ಷರು ಚಾಪೆಯ ಮೇಲೆ ಮಂಡಿಯೂರಿದ್ದವರು ಕಾಲುಚೀಲದಲ್ಲೇ ಓಡಿದರು. ಹೆಂಡದ ಪಾತ್ರೆ ಉರುಳಿತು.

"ರಾಟೆ ಹಿಡಿಯೋ, ಟೈ ಕಟ್ಟಿದ ನಾಯಿ!" ಪಿಲ್‌ಸುನ್ ನಮ್‌ಗುಂಗ್‌ನ ಕತ್ತುಪಟ್ಟಿ ಹಿಡಿದು ಎಳೆದಳು. ಅವನು ಹಿಡಿದ. ಇಬ್ಬರೂ ತಿರುಗಿಸಿದರು. ಹಗ್ಗ ಬಿಗಿಯಾಯಿತು, ಬರಲಿಲ್ಲ. ಕ್ವಾಕ್ ಸುಮ್ಮನೆ ನಿಂತಿದ್ದ. ಇನ್ನೊಂದು ಸುತ್ತು ತಿರುಗಿಸಿದಾಗ ಒಳಗೆ ಏನೋ ಕುಸಿದ ಸದ್ದಾಗಿ ಹಗ್ಗ ಸಡಿಲವಾಯಿತು.

ದಾಲ್‌ಸು ಕಿಂಡಿಯಿಂದ ಬಂದಾಗ, ಕಾಳಿನಲ್ಲಿ ಹೂತಿದ್ದಷ್ಟೂ, ಕಂಕುಳಿನವರೆಗೆ ಕಪ್ಪಾಗಿದ್ದ. ಅದರ ಮೇಲೆ ಉಡುಪು ಬಿಳಿ. ನಡುವೆ ಅಳತೆಪಟ್ಟಿ ಇಟ್ಟು ಎಳೆದಂಥ ಗೆರೆ. ಎಡಗಾಲಿನ ಬೂಟು ಇರಲಿಲ್ಲ. ಗಾಳಿ ತಾಗಿ ಉಡುಪಿನ ಮೇಲಿನ ಪುಡಿ ಅಲ್ಲಲ್ಲಿ ಕೆಂಪು ಚುಕ್ಕೆಯಾಗಿ ಹೊತ್ತಿತು. ನಮ್‌ಗುಂಗ್ ಬಕೆಟ್ಟಿನ ನೀರು ಸುರಿದ. ಇನ್ನೊಂದು ಬಕೆಟ್ ಸುರಿದ. ಚುಕ್ಕೆಗಳು ಆರಿದವು, ಗೆರೆಯೂ ಕರಗಿಹೋಯಿತು.

ಹೆಲ್ಮೆಟ್ ತೆಗೆದಾಗ ದಾಲ್‌ಸು ಬಾಯಿ ತೆರೆದು ಉಸಿರೆಳೆದ.

"ಏನೂ ಆಗಿಲ್ಲ ತಾನೆ?" ಕ್ವಾಕ್ ಕೇಳಿದ.

ನಮ್‌ಗುಂಗ್ ದಾಲ್‌ಸುವಿನ ಮುಖ ಒರೆಸುತ್ತ ಮೆಲ್ಲಗೆ ಅಂದ: "ದಾಲ್‌ಸು, ಚಳಿಗಾಲಕ್ಕೆ ಮುಂಚಿನ ಕೆಲ್ಸಾನೂ ನಮಗೇ ಸಿಗೋ ಹಂಗೈತೆ. ನೋಡ್ಕೊಂಡು ಮಾತಾಡು."

ದಾಲ್‌ಸು ಪಿಲ್‌ಸುನ್‌ಳನ್ನು ನೋಡಿದ. ಆಮೇಲೆ ಕ್ವಾಕ್‌ನ ಬೂಟುಗಳನ್ನು ನೋಡಿದ.

"ಏನೂ ಆಗಿಲ್ಲ ಸಾರ್. ಸುಸ್ತಾಗಿತ್ತು. ಕೂತಿದ್ದೆ."

"ಬೂಟು?" ಪಿಲ್‌ಸುನ್ ಕೇಳಿದಳು.

"ಸಡಿಲ ಇತ್ತು."

"ನಾಲ್ಕು ಸಲ ಜಗ್ಗಿದ್ನಲ್ಲೋ," ಪಿಲ್‌ಸುನ್ ಅಂದಳು.

"ಗೊತ್ತಾಗ್ಲಿಲ್ಲ ಅಕ್ಕಾ."

ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡು ಕೂತ.

ಕ್ವಾಕ್ ಅವಳ ಕುತ್ತಿಗೆಯಿಂದ ಗೇಟಿನ ಪಾಸು ಕಿತ್ತುಕೊಂಡ. "ಈ ಊರಿನ ಯಾವ ಕಾರ್ಖಾನೇಲೂ ನಿನ್ನ ಮುಖ ಕಾಣಬಾರ್ದು," ಅಂದ.

ಅವಳು ಏಣಿ ಇಳಿಯುವಾಗ ಅಂಗಳದಲ್ಲಿ ಅದೇ ಹಂದಿಯ ತಲೆಯನ್ನು ಒರೆಸಿ ಮೇಜಿನ ಮಧ್ಯಕ್ಕೆ ಸರಿಸುತ್ತಿದ್ದರು. ಅವಳ ಜೊತೆಯ ಹೆಂಗಸರು ಮಾಂಸ ಕೊಯ್ಯುತ್ತಿದ್ದರು. ಒಬ್ಬಳೂ ತಲೆ ಎತ್ತಲಿಲ್ಲ. ಗೋಪುರದ ಮೇಲೆ ದಾಲ್‌ಸುವಿಗೆ ಯಾರದೋ ಬೂಟು ಹಾಕಿಸಿ ಮತ್ತೆ ಹೆಲ್ಮೆಟ್ಟಿಗೆ ಬೀಗ ಹಾಕಿದರು. ಕಿಂಡಿಯ ಪಕ್ಕ ಹೊಸದಾಗಿ ಬಂದವಳೊಬ್ಬಳು ಕೂತಳು. ಅವಳಿಗೆ ಹೆಡ್‌ಫೋನ್ ಇರಲಿಲ್ಲ. ಅದು ಕಿತ್ತುಹೋಗಿತ್ತಲ್ಲ.

ಗೇಟಿನ ಬೋರ್ಡಿನ ಮೇಲೆ ಅಪಘಾತವಿಲ್ಲದ ದಿನಗಳ ಸಂಖ್ಯೆಗೆ ಸಂಜೆ ಇನ್ನೊಂದು ಸೇರಿತು. ಪಿಲ್‌ಸುನ್ ಹತ್ತಿದ ಬಸ್ಸು ಹೊಗೆಯಿಲ್ಲದೆ ಹೊರಟಿತು.

ಆ ದಿನ ಹೋದದ್ದು: ಕಂಪನಿಯ ನಲವತ್ತು ನಿಮಿಷ, ಒಂದು ಪಾತ್ರೆ ಹೆಂಡ, ದಾಲ್‌ಸುವಿನ ಎಡಗಾಲಿನ ಬೂಟು, ಪಿಲ್‌ಸುನ್‌ಳ ಕೆಲಸ, ಅವಳ ದಿನದ ಮಾತು. ಸತ್ತವರು ಯಾರೂ ಇಲ್ಲ.