ಅಣ್ಣನ ಜಾಗದಲ್ಲಿ ತಮ್ಮ

ಬೆಳಗಾವಿಯ ಸಾಹುಕಾರ ಗುರುಪುತ್ರಪ್ಪನವರ ಕಬ್ಬಿಣ ಎರೆಯುವ ಫೌಂಡ್ರಿಯಲ್ಲಿ ರಜೆಗೆ ಅರ್ಜಿ ಬರೆಯುವ ಪದ್ಧತಿಯೇ ಇರಲಿಲ್ಲ. ಮ್ಯಾನೇಜರ್ ಕಲ್ಲಯ್ಯನ ಮುಂದೆ ತಲೆ ಕೆರೆದುಕೊಂಡು ನಿಂತರೆ ಅವನೇ "ಯಾಕ, ಊರಿಗೇನು?" ಎನ್ನುತ್ತಿದ್ದ. ಹೂಂ ಎಂದರೆ ರಜೆ ಮಂಜೂರು. ಎಷ್ಟು ದಿನ, ಯಾವ ಕಾರಣಕ್ಕೆ ಎಂದು ಬರೆದಿಡುವುದೆಂದರೆ ಕಲ್ಲಯ್ಯನಿಗೆ ಮೈಯೆಲ್ಲ ಉರಿ. ಬರೆದದ್ದನ್ನು ನಾಳೆ ಯಾರಾದರೂ ಓದಿಬಿಟ್ಟರೆ ಎಂಬ ಅಂಜಿಕೆ ಅವನಿಗೆ. ಸಾಹುಕಾರರಿಗೂ ಇದರಿಂದ ಅನುಕೂಲವೇ ಆಗಿದ್ದರಿಂದ ಅವರು ಈ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

೧೯೭೯ರ ಮಳೆಗಾಲದ ಮೊದಲಿಗೆ ಕರೆಪ್ಪ ಹೀಗೆಯೇ ತಲೆ ಕೆರೆದುಕೊಂಡು ಭತ್ತದ ಬಿತ್ತನೆಗೆಂದು ಊರಿಗೆ ಹೋದ. ಅವನು ಫೌಂಡ್ರಿಯ ಕಾಯಂ ಆಳು, ಮರಳಿನಲ್ಲಿ ಅಚ್ಚು ಕಟ್ಟುವುದರಲ್ಲಿ ಪಳಗಿದ ಕೈ. ಅವನ ಊರು ಖಾನಾಪುರ ತಾಲೂಕಿನಲ್ಲಿ, ಹಲಸಿಯ ಆಚೆ. ಅಲ್ಲಿ ಚಕ್ಕಡಿಯ ಮೇಲಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡ. ಊರಿನಲ್ಲಿ ಎಲುಬು ಕೂಡಿಸುವವನು ಬಿದಿರಿನ ದಬ್ಬೆ ಕಟ್ಟಿ ಮಲಗಿಸಿದ.

ಕರೆಪ್ಪನದು ಕುರಿ ಕಾಯುವ ಮನೆತನ. ಅಂಥ ಮನೆಯಲ್ಲಿ ಕುರಿಯ ಹಿಂದೆ ಹೋಗಬೇಕಾದವನು ಜ್ವರ ಬಂದು ಮಲಗಿದರೆ ರಜೆಯ ಮಾತೇ ಏಳುವುದಿಲ್ಲ. ಕುರಿಗಳ ಹತ್ತಿರ ರಜೆ ಕೇಳಲಿಕ್ಕಾಗುತ್ತದೆಯೇ? ತಮ್ಮನೋ ಕಾಕಾನ ಮಗನೋ ಮೂಲೆಯ ಕೋಲು ತೆಗೆದುಕೊಂಡು ಹೊರಟುಬಿಡುತ್ತಾನೆ. ಮಲಗಿದವನು ಗುಣವಾಗಿ ಎದ್ದ ದಿನ ಕೋಲು ಅವನ ಕೈಗೆ ವಾಪಸು ಬರುತ್ತದೆ. ಫೌಂಡ್ರಿಯದೂ ಇದೇ ರೀತಿ ಎಂದು ಆ ಮನೆ ತಿಳಿದುಕೊಂಡಿತು. ಕರೆಪ್ಪನ ತಮ್ಮ ಸತ್ಯಪ್ಪನಿಗೆ ರೊಟ್ಟಿ ಕಟ್ಟಿಕೊಟ್ಟು ಬೆಳಗಾವಿಯ ಗಾಡಿ ಹತ್ತಿಸಿದರು.

"ಅಣ್ಣನ ಕಾಲ ಮುರದೈತ್ರಿ ಸ್ವಾಮ್ಯಾರ. ಅವ ಎದ್ದು ಬರೂತನಕ ನಾ ಮಾಡ್ತೇನ್ರಿ" ಎಂದು ಸತ್ಯಪ್ಪ ಗೇಟಿನಲ್ಲಿ ನಿಂತು ಹೇಳಿದ.

ಕಲ್ಲಯ್ಯ ಅವನ ಮುಖ ನೋಡಲಿಲ್ಲ, ತೋಳು ನೋಡಿದ. ಗಟ್ಟಿಯಾಗಿದ್ದವು. ಹೊಸ ಹೆಸರು ಸೇರಿಸಿಕೊಂಡರೆ ಹೊಸ ತಲೆನೋವು. ಅವನು ಕರೆಪ್ಪನ ಹಿತ್ತಾಳೆಯ ಬಿಲ್ಲೆಯನ್ನೇ ತೆಗೆದು ಸತ್ಯಪ್ಪನಿಗೆ ಕೊಟ್ಟ. ಗೇಟಿನ ಹಲಗೆಗೆ ಬಿಲ್ಲೆ ತೂಗುಹಾಕಿದರೆ ಆ ದಿನದ ಹಾಜರಿ ಬಿದ್ದಂತೆ.

"ಕರೆಪ್ಪಾ ಅಂತ ಒದರಿದ್ರ ಓ ಅನ್ನು. ಹೆಚ್ಚಿಗಿ ಮಾತಾಡಬ್ಯಾಡ" ಎಂದ.

ಸತ್ಯಪ್ಪ ಹಾಗೆಯೇ ಓಗೊಡುತ್ತ ಕೆಲಸ ಕಲಿತ. ಕೆಲವು ತಿಂಗಳಾದ ಮೇಲೆ ಬೆಳಗಾವಿಯ ಶಹಾಪುರ ಪೇಟೆಯಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು ಹೆಂಡತಿ ರೇಣವ್ವನನ್ನು ಕರೆಸಿಕೊಂಡ. ಸುತ್ತ ಮಗ್ಗಗಳ ಗದ್ದಲ. ರೇಣವ್ವ ನೇಕಾರರಿಗೆ ಕಂಡಿಕೆಗೆ ನೂಲು ಸುತ್ತಿಕೊಡತೊಡಗಿದಳು. ಸತ್ಯಪ್ಪನಿಗೆ ಪೇಟೆಯ ರುಚಿ ಹತ್ತಿತು. ಕುರಿಗಳಿಗೆ ಭಾನುವಾರ ಗೊತ್ತಿಲ್ಲ, ಫೌಂಡ್ರಿಗೆ ಗೊತ್ತಿತ್ತು. ಅಣ್ಣ ಎದ್ದು ಬರುತ್ತಾನೆಂಬುದನ್ನು ಅವನು ಮರೆತಿದ್ದನೆಂದಲ್ಲ, ನೆನೆಸಿಕೊಳ್ಳಲು ಹೋಗುತ್ತಿರಲಿಲ್ಲ.

ಮರುವರ್ಷದ ಮಳೆ ಮುಗಿದ ಮೇಲೆ ಕರೆಪ್ಪ ಊರುಗೋಲು ಹಿಡಿದು ಬಂದ. ಎಲುಬು ಕೂಡಿತ್ತು, ಓರೆಯಾಗಿ ಕೂಡಿತ್ತು. ಇನ್ನು ಕುರಿಯ ಹಿಂದೆ ಗುಡ್ಡ ಹತ್ತುವ ಆಸೆ ಇರಲಿಲ್ಲ. ನೆಲದ ಮೇಲೆ ಕೂತು ಅಚ್ಚು ಕಟ್ಟಬಲ್ಲ, ಅವನಿಗೆ ಉಳಿದಿದ್ದ ಅನ್ನದ ದಾರಿ ಅದೊಂದೇ.

"ರಜಾ ಮುಗದು ಯಾವ ಕಾಲಾತೋ ಮಾರಾಯಾ" ಎಂದ ಕಲ್ಲಯ್ಯ. "ಹೇಳದ ಕೇಳದ ಮನ್ಯಾಗ ಕುಂತಾವನ ಹೆಸರು ನಾವು ಇಟಗೊಂಡಿರ್ತೇವೇನು? ಕಡದ ಹಾಕೇವಿ."

"ಹೇಳದ ಕೇಳದ ಹೆಂಗ್ರಿ? ತಮ್ಮನ್ನ ಕಳಸೇನಲ್ರೀ!"

ಕಲ್ಲಯ್ಯನಿಗೆ ಕುಂಟುವ ಕಾಯಂ ಆಳಿಗಿಂತ ಎರಡು ಗಟ್ಟಿ ಕಾಲಿನ, ಯಾವ ಹಕ್ಕೂ ಇಲ್ಲದ ಆಳು ಬೇಕಾಗಿತ್ತು. ಅವನು ಒಳಗೆ ನಡೆದ. ಕರೆಪ್ಪ ಅಲ್ಲಿಂದಲೇ ಕಾರ್ಮಿಕ ಇಲಾಖೆಯ ಆಫೀಸಿಗೆ ಕುಂಟುತ್ತ ಹೋದ.

ಒಂದು ವಾರದಲ್ಲಿ ಲೇಬರ್ ಆಫೀಸರು ಫೌಂಡ್ರಿಗೇ ಬಂದು ಸಾಹುಕಾರರ ಖೋಲಿಯಲ್ಲಿ ಕೂತರು. ನಗಲು ಬಾರದ ಮನುಷ್ಯ. ಕರೆಪ್ಪನನ್ನು ಕುರ್ಚಿಯಲ್ಲಿ ಕೂಡಿಸಿದರು, ಸತ್ಯಪ್ಪನನ್ನೂ ಕರೆಸಿದರು.

"ಬಾರದವಗ ಒಂದ ಕಾಗದ ಹಾಕಿದ್ರೇನು?" ಎಂದು ಗುರುಪುತ್ರಪ್ಪನವರನ್ನು ಕೇಳಿದರು.

ಸಾಹುಕಾರರು ಕಲ್ಲಯ್ಯನ ಕಡೆ ನೋಡಿದರು. ಕಲ್ಲಯ್ಯ ಸೂರಿನ ಕಡೆ ನೋಡಿದ.

"ಆಳು ಬರಲಿಲ್ಲಂದ್ರ ಯಾಕ ಬರಲಿಲ್ಲ ಅಂತ ಬರದು ಕೇಳಬೇಕ್ರಿ. ಹೇಳಿದ್ದನ್ನ ವಿಚಾರಿಸಬೇಕು. ಜಡ್ಡು ಖರೇ ಇದ್ರ ಡಾಕ್ಟರಗ ತೋರಿಸು ಅಂತ ಹೇಳಿ ರಜಾ ಬೆಳಸೂದು ಚೊಲೋ. ಇದ್ಯಾವುದೂ ಮಾಡದ ಹೆಸರು ಕಡದ್ರ ಅದು ಕೆಲಸದಿಂದ ತಗದಂಗ ಆಗತೈತಿ. ಕೋರ್ಟು ಹಂಗ ಬಿಡೂದಿಲ್ಲ."

"ಕರೆಪ್ಪ ವರ್ಸಕ್ಕಿಂತ ಹೆಚ್ಚ ಗೈರಹಾಜರ ಇದ್ದದ್ದು ಖರೇ ಐತಲ್ರೀ ಸಾಹೇಬ್ರ" ಎಂದರು ಸಾಹುಕಾರರು.

"ಅವನ ಬಿಲ್ಲೆ ದಿನಾ ಹಲಗಿ ಮ್ಯಾಲ ಇತ್ತಲ್ಲ" ಎಂದು ಆಫೀಸರು ಸತ್ಯಪ್ಪನ ಕಡೆ ತಿರುಗಿದರು. "ನೋಡಪಾ, ಸಾವಕಾಶ ವಿಚಾರ ಮಾಡಿ ಹೇಳು. ನೀ ಮಾಡಿದ್ದು ನಿನ್ನ ಕೆಲಸಾನೋ, ನಿಮ್ಮಣ್ಣಂದೋ? ನಿಂದ ಅಂದ್ರ, ವರ್ಸ ತುಂಬ ದುಡದಾವನ್ನ ಇವರು ಸುಮ್ಮನ ಕಳಸಾಕ ಬರೂದಿಲ್ಲ. ನಿಮ್ಮಣ್ಣ ಕೋರ್ಟಿಗೆ ಹೋಗಬೇಕಾಗತೈತಿ, ಅದು ಎಷ್ಟು ವರ್ಸ ನಡೀತೈತೋ ನಾ ಹೇಳಲಾರೆ. ಅಣ್ಣಂದ ಅಂದ್ರ ಅವ ನಾಳೀನ ಕೆಲಸಕ್ಕ ಬರ್ತಾನ. ನಿನಗ ಏನೂ ಉಳಿಯೂದಿಲ್ಲ."

ಕಲ್ಲಯ್ಯ ನಡುವೆ ಬಾಯಿ ಹಾಕಿದ. "ನಂದು ಅನ್ನಲೇ ಸತ್ಯಾ. ಇದೇ ತಿಂಗಳ ಕಾಯಂ ಮಾಡಸ್ತೇನಿ."

ಆ ಮನುಷ್ಯ ಅವನನ್ನು ಸತ್ಯಾ ಎಂದು ಕರೆದದ್ದು ಅದೇ ಮೊದಲು.

ಸತ್ಯಪ್ಪನಿಗೆ ಶಹಾಪುರದ ಖೋಲಿ ಕಣ್ಣ ಮುಂದೆ ಬಂತು. ಅಣ್ಣನ ಮೇಲೆ ಸಿಟ್ಟು ಬಂತು, ಕಾಲು ಇನ್ನೊಂದು ವರ್ಷ ಕೂಡದೇ ಇದ್ದರೆ ಏನಾಗುತ್ತಿತ್ತು ಎನ್ನಿಸಿತು. ಹಾಗೆನ್ನಿಸಿದ್ದಕ್ಕೆ ನಾಚಿಕೆಯಾಯಿತು. ಕರೆಪ್ಪ ಓರೆ ಕಾಲನ್ನು ಕೈಯಿಂದಲೇ ಎತ್ತಿ ಕುರ್ಚಿಯ ಕೆಳಗೆ ಸರಿಸಿಕೊಳ್ಳಲು ನೋಡಿದ. ಅದು ಸರಿಯಲಿಲ್ಲ.

"ಅಣ್ಣಂದ್ರಿ" ಎಂದ ಸತ್ಯಪ್ಪ. "ನಾ ಬರೇ ಅವನ ಸಲುವಾಗಿ ಬಂದಾಂವ."

ಆಫೀಸರು ಬರೆದುಕೊಂಡರು. ಕಾನೂನಿನ ಪ್ರಕಾರ ಎಲ್ಲವೂ ಸರಿಹೋಯಿತು, ಯಾರೂ ಗೈರುಹಾಜರಾಗಿರಲಿಲ್ಲ, ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಸಾಹುಕಾರರು ಎಲ್ಲರಿಗೂ ಚಹಾ ತರಿಸಿದರು. ಕರೆಪ್ಪ ಕಪ್ಪು ಹಿಡಿದು ಅಳುತ್ತಿದ್ದ.

ಸತ್ಯಪ್ಪ ಖೋಲಿಗೆ ಬಂದಾಗ ರೇಣವ್ವ ರಾಟೆಯ ಮುಂದೆ ಕೂತಿದ್ದಳು.

"ಸಾಮಾನ ಕಟ್ಟು, ಊರಿಗೆ ಹೋಗೂಣು" ಎಂದ. "ಅಣ್ಣನ ಕೆಲಸ ಅಣ್ಣಗ ಕೊಟ್ಟು ಬಂದೇನಿ."

ರೇಣವ್ವ ರಾಟೆ ನಿಲ್ಲಿಸಿದಳು. ಕೂಗಾಡಲಿಲ್ಲ. ಎದ್ದು ಬಂದು ಅವನ ಅಂಗಿಯ ತೋಳನ್ನು ಮೊಳಕೈವರೆಗೆ ಏರಿಸಿದಳು. ಕಾದ ಕಬ್ಬಿಣ ಸಿಡಿದು ಸುಟ್ಟ ಕಲೆಗಳು, ಹಳೆಯವು ಕಪ್ಪಾಗಿ, ಹೊಸವು ಇನ್ನೂ ಕೆಂಪಾಗಿ, ಮುಂಗೈ ತುಂಬ ಇದ್ದವು.

"ಹಂಗಾರ ಇವು ಯಾರವ್ರೀ?" ಎಂದಳು.

ಸತ್ಯಪ್ಪ ತೋಳು ಇಳಿಸಿಕೊಂಡು, ಒಲೆಯ ಬಳಿ ಕೂತು ಪಾತ್ರೆಗಳನ್ನು ಒಂದರೊಳಗೊಂದು ಇಡತೊಡಗಿದ.