ಶರಣಮ್ಮನ ಬೇಳೆ

ಅಮೆರಿಕ ಮತ್ತು ಮಲಾವಿ ದೇಶಗಳ ವಾಣಿಜ್ಯ ಸಂಬಂಧದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ ಒಂದು ಘೋರ ಸಂಗತಿಯನ್ನು ಅವರು ಬಿಡಬಾರದು: ಶಿಕಾಗೋ ಪಕ್ಕದ ಲೊಂಬಾರ್ಡಿನ ಹೋಟೆಲೊಂದರ ಹಿಂಬಾಗಿಲಲ್ಲಿ, ಒಂದು ಶನಿವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ, 'ಎ', 'ಬಿ' ಎಂದು ಚೀಟಿ ಅಂಟಿಸಿದ ತೊವ್ವೆಯ ಪಾತ್ರೆಗಳು ಎರಡಿದ್ದು ಸೌಟು ಒಂದೇ ಇತ್ತು.

"ಎರಡು ಪಾತ್ರೆಗೆ ಒಂದು ಸೌಟು ತಂದಿದ್ದೀಯಲ್ಲೋ, ಕತ್ತೆ ನನ್ ಮಗನೆ," ಎಂದ ಬೇಳೆ ವ್ಯಾಪಾರಿ ತಿರುಮಲೇಶ. ಸೂಟು ಹಾಕಿದ್ದರಿಂದ ಕೈ ಎತ್ತಲು ಆಗದೆ ಬರೀ ಬಾಯಲ್ಲೇ ಮುಗಿಸಬೇಕಾಗಿತ್ತು. "'ಎ' ಪಾತ್ರೆದು 'ಬಿ'ಗೆ ಹೋದ್ರೆ, 'ಬಿ'ದು 'ಎ'ಗೆ ಬಂದ್ರೆ ಟೇಸ್ಟಿಂಗ್ ಗತಿ ಏನೋ? ತಲೇಲಿ ಸಗಣಿ ತುಂಬ್ಕೊಂಡಿದ್ದೀಯಾ?"

"ಅವ್ವಾರು ಒಂದೇ ಕೊಟ್ಟಾರ್ರಿ ಸಾಹೇಬ್ರ," ಎಂದ ನಿಂಗಪ್ಪ.

"ಎದುರು ಮಾತಾಡ್ಬೇಡ, ಬೇವರ್ಸಿ. ಹೋಟೆಲ್‌ನವರ ಹತ್ರ ಇನ್ನೊಂದು ಇಸ್ಕೋ. ಆಮೇಲೆ ಗ್ಲೌಸ್ ಹಾಕ್ಕೋ. ಇಲ್ಲಿ ಹೆಲ್ತ್ ರೂಲ್ಸ್ ಇರತ್ತೆ."

ಆರು ವರ್ಷಗಳಲ್ಲಿ ಹೆಲ್ತ್ ರೂಲ್ಸು ನಿಂಗಪ್ಪನ ಕೈಗಳಿಗೆ ಮಾತ್ರ ಅನ್ವಯವಾಗುತ್ತಿದ್ದುದನ್ನು ಅವನು ಗಮನಿಸಿದ್ದ. ಅವನು ಅಮೆರಿಕಕ್ಕೆ ಬಂದದ್ದು ಅಡುಗೆಯವನೆಂಬ ವೀಸಾದ ಮೇಲೆ. ಬಂದ ಮೂರನೆಯ ದಿನ ತಿರುಮಲೇಶನ ಹೆಂಡತಿ ಪದ್ಮ, ಚಿತ್ತಾಪುರದ ಹತ್ತಿರ ಯಾವ ಊರು, ಊರಲ್ಲಿ ಯಾವ ಓಣಿ, ಓಣಿಯಲ್ಲಿ ಯಾವ ಗುಡಿ ಎಂದು ಬಹಳ ಅಕ್ಕರೆಯಿಂದ ಕೇಳಿದ್ದಳು. ಅವನು ಅಷ್ಟೇ ಅಕ್ಕರೆಯಿಂದ ಹೇಳಿದ್ದ. ನಾಲ್ಕನೆಯ ದಿನದಿಂದ ಅವನನ್ನು ಒಲೆಯ ಹತ್ತಿರ ಬಿಡಲಿಲ್ಲ. ವೆಸ್ಟ್‌ಮಂಟಿನ ಮನೆಯಿಂದ ಲೊಂಬಾರ್ಡಿನ ಗೋಡೌನಿಗೆ ಕಳಿಸಿದರು. ಅಲ್ಲೇ ಹಿಂದಿನ ಕೋಣೆಯಲ್ಲಿ ಮಲಗುವುದು, ಅಲ್ಲೇ ಮೂಟೆ ಬಿಚ್ಚುವುದು, ಅಲ್ಲೇ ಪ್ಯಾಕೆಟ್ ತುಂಬುವುದು. ಪಾಸ್‌ಪೋರ್ಟು ಮಾತ್ರ ವೆಸ್ಟ್‌ಮಂಟಿನಲ್ಲೇ, ಲಾಕರಿನಲ್ಲಿ, ಜೋಪಾನವಾಗಿತ್ತು.

ಮೂಟೆಗಳು ಬರುತ್ತಿದ್ದುದು ಮಲಾವಿಯಿಂದ. ಐವತ್ತು ಕಿಲೋದ ತೊಗರಿಬೇಳೆಯ ಮೂಟೆ. ಬಾಯಿಗೆ ಹಸಿರು ದಾರದ ಹೊಲಿಗೆ. ದಾರ ಎಳೆದು ಬಿಚ್ಚಬೇಕು, ಬೇಳೆಯನ್ನು ಜರಡಿಗೆ ಸುರಿಯಬೇಕು, ದೇಶದ ಹೆಸರು ಕಾಣದಂತೆ ಮೂಟೆಯನ್ನು ಒಳಹೊರಗು ಮಾಡಿ ಮಡಿಚಿಡಬೇಕು. ಬೇಳೆ ಹೋಗುತ್ತಿದ್ದುದು 'ಅಪ್ಪಟ ಗುಲ್ಬರ್ಗ ತೊಗರಿ' ಎಂಬ ನಾಲ್ಕು ಪೌಂಡಿನ ಪ್ಯಾಕೆಟ್ಟಿಗೆ. ಪ್ಯಾಕೆಟ್ಟಿನ ಮೇಲೆ ಮುಗುಳುನಗುವ ರೈತನೊಬ್ಬನ ಚಿತ್ರವಿತ್ತು. ಕಲಬುರ್ಗಿ ಕಡೆಯವನಾದ ನಿಂಗಪ್ಪ ತನ್ನ ಊರಿನ ಹೆಸರಿನ ಚೀಲಕ್ಕೆ ಇನ್ನೊಬ್ಬರ ಊರಿನ ಬೇಳೆ ತುಂಬುತ್ತ, ಬಿಚ್ಚಿದ ಹಸಿರು ದಾರಗಳನ್ನು ಎಸೆಯಲು ಮನಸ್ಸಾಗದೆ ಮೂರೆಳೆಯಾಗಿ ಹೆಣೆದು ಹಗ್ಗ ಮಾಡಿಡುತ್ತಿದ್ದ.

ಈಗ ಕಾಲ ಬದಲಾಗಿತ್ತು. ಮಲಾವಿಯ ರಫ್ತನ್ನು ಇಲ್ಲಿನ ಸಣ್ಣ ವ್ಯಾಪಾರಿಗಳ ಮೂಲಕ ಬೆಳೆಸಬೇಕೆಂದು ಅಲ್ಲಿಂದ ಏಳು ಜನರ ನಿಯೋಗವೊಂದು ಶಿಕಾಗೋಗೆ ಬಂದಿತ್ತು. ಶಿಕಾಗೋದಿಂದ ಡೆಟ್ರಾಯಿಟ್‌ವರೆಗೆ ಒಬ್ಬ ಏಜೆಂಟ್ ಬೇಕಿತ್ತು. ಆರು ವರ್ಷ ಮಲಾವಿಯ ಹೆಸರನ್ನು ಒಳಮಗ್ಗುಲಿಗೆ ಹಾಕಿ ಮಡಿಚಿಟ್ಟ ತಿರುಮಲೇಶನಿಗೆ ರಾತ್ರೋರಾತ್ರಿ ಆಫ್ರಿಕಾದ ರೈತರ ಮೇಲೆ ಪ್ರೀತಿ ಉಕ್ಕಿತ್ತು. ಡೆಟ್ರಾಯಿಟ್ ಕಡೆ ನಾಲ್ಕು ಅಂಗಡಿಯಿಟ್ಟಿದ್ದ ಮಾಧವ ಒಂದು ಷರತ್ತು ಹಾಕಿದ್ದ: ಒರಿಜಿನಲ್ ಗುಲ್ಬರ್ಗ ಪಕ್ಕದಲ್ಲಿಟ್ಟು ರುಚಿ ತೋರಿಸಬೇಕು, ಹೆಸರು ಹೇಳದೆ ತೋರಿಸಬೇಕು, ಜನ ಒಪ್ಪಬೇಕು.

ನಿಂಗಪ್ಪ ಎರಡನೆಯ ಸೌಟು ತಂದು, ಗ್ಲೌಸು ಹಾಕಿಕೊಂಡು ಪಾತ್ರೆಗಳನ್ನು ತಳ್ಳುಗಾಡಿಗೆ ಏರಿಸಿದ. ಕಾರಿನಲ್ಲಿ ಚೆಲ್ಲದಿರಲಿ ಎಂದು ಬಿ ಪಾತ್ರೆಯ ಮುಚ್ಚಳವನ್ನು ಪದ್ಮ ಹಗ್ಗದಿಂದ ಬಿಗಿದಿದ್ದಳು.

ಹಸಿರು ಹಗ್ಗ. ಮೂರೆಳೆ. ಗೋಡೌನಿನ ಶೆಲ್ಫಿನ ಮೇಲೆ ಬೇಳೆಯ ಗಂಟಿಗೆ ಅವನು ಸುತ್ತಿಟ್ಟಿದ್ದದ್ದೇ.

ಅವನು ಅದನ್ನು ಬಿಚ್ಚಲಿಲ್ಲ. ಗ್ಲೌಸಿನ ಬೆರಳಿಗೆ ಏನೂ ತಿಳಿಯದೆಂದು ಒಂದು ಕೈಯದನ್ನು ಕಳಚಿ, ಬರಿಗೈಯಲ್ಲಿ ಗಂಟನ್ನು ಮುಟ್ಟಿ ನೋಡಿದ. ಆಮೇಲೆ ಹಗ್ಗವನ್ನು ಒಂದು ಬದಿಗೆ ಜರುಗಿಸಿ ಮುಚ್ಚಳ ಸರಿಸಿದ. ಕೆಮ್ಮಣ್ಣು ಹಚ್ಚಿ ನೆನೆಸಿ ಒಣಗಿಸಿ, ಬೀಸುವ ಕಲ್ಲಿನಲ್ಲಿ ಒಡೆದ ಬೇಳೆಯ ವಾಸನೆ ಬೇರೆ. ಮಿಲ್ಲಿನ ಬೇಳೆಗೆ ಆ ವಾಸನೆ ಬರುವುದಿಲ್ಲ. ನಡುವೆ ಬೆರಳಿಂದ ಒತ್ತಿದಂಥ ಗುಳಿಯೂ ಇರುವುದಿಲ್ಲ. ಬೇಯದೆ ಉಳಿದ ಒಂದೆರಡು ಬೇಳೆ ಮೇಲೆ ತೇಲುತ್ತಿದ್ದವು. ಗುಳಿ ಇತ್ತು.

"ಅವ್ವಾರ, ಈ ಬ್ಯಾಳಿ ಎಲ್ಲಿಂದ ತಗೊಂಡ್ರಿ?"

ಪದ್ಮ ಸೆರಗಿಗೆ ಪಿನ್ ಹಾಕಿಕೊಳ್ಳುತ್ತಿದ್ದಳು. "ಗೋಡೌನ್ ಶೆಲ್ಫ್ ಮೇಲೆ ಬಟ್ಟೆ ಗಂಟಲ್ಲಿ ಇತ್ತಲ್ಲ, ಅದು. ನೀನೇ ತಾನೆ ಅವತ್ತು ಹೇಳ್ಕೊಂಡಿದ್ದು, ನಮ್ಮೂರ ಬೇಳೆ ನೋಡ್ರಿ ಅಂತ. ಒರಿಜಿನಲ್ ಬೇಕು ಅಂದ್ರು ಮಾಧವ ಅವರು. ನಮ್ಮ ಹತ್ರ ಒರಿಜಿನಲ್ ಎಲ್ಲಿತ್ತು?"

"ಅದು ನಮ್ಮಕಿ ಕಳಿಸಿದ್ದು ರಿ."

"ಗೊತ್ತಪ್ಪ. ನಿಂಗೆ ಹತ್ತು ಪ್ಯಾಕೆಟ್ ಕೊಡಿಸ್ತೀನಿ."

"ಎಲ್ಲಾ ಹಾಕೀರೇನ್ರಿ?"

"ಅರವತ್ತು ಜನಕ್ಕೆ ಒಂದು ಹಿಡಿ ಹಾಕೋಕಾಗತ್ತಾ?"

ಊರಲ್ಲಿದ್ದ ಅವನ ಹೆಂಡತಿ ಶರಣಮ್ಮ ಆ ಎರಡು ಸೇರು ಬೇಳೆಯನ್ನು ಯಾರದೋ ಅತ್ತೆ ಮಾವ ಶಿಕಾಗೋಗೆ ಬರುವಾಗ ಅವರ ಸೂಟ್‌ಕೇಸಿನಲ್ಲಿ ಕಳಿಸಿದ್ದಳು. ಬೇಳೆ ಬಂದು ಐದು ತಿಂಗಳಿಗೆ ಕಾಮಾಲೆಯಾಗಿ ತೀರಿಕೊಂಡಳು. ನಿಂಗಪ್ಪ ಪಾಸ್‌ಪೋರ್ಟು ಕೇಳಿದಾಗ ತಿರುಮಲೇಶ, ಹೋದ್ರೆ ವಾಪಸ್ ಬಿಡಲ್ಲ ಕಣೋ, ಹೋಗಿ ಏನ್ ಮಾಡ್ತೀಯ, ಹೆಣ ಕಾಯುತ್ತಾ ಎಂದಿದ್ದ. ಕಾಯಲಿಲ್ಲ. ಮಣ್ಣಾದದ್ದನ್ನು ನಿಂಗಪ್ಪ ಫೋನಿನಲ್ಲಿ ನೋಡಿದ. ಅಂದಿನಿಂದ ಆ ಗಂಟು ಮೀಸಲು. ವರ್ಷ ತುಂಬುವ ಅಮಾವಾಸ್ಯೆಗೆ ಅವಳ ಕೈಯಲ್ಲೇ ಒಡೆದ ಬೇಳೆ ಬೇಯಿಸಿ, ಯಾರೂ ಬಾಯಿಗೆ ಹಾಕುವ ಮೊದಲು ಅವಳಿಗೆ ಎಡೆ ಇಡಬೇಕೆಂದು. ಅಷ್ಟು ಮಾಡಿದರೆ ಮಣ್ಣಿಗೆ ಹೋಗದ ತಪ್ಪು ಸ್ವಲ್ಪವಾದರೂ ಕರಗುತ್ತದೆ ಎಂದು ಅವನ ಲೆಕ್ಕ. ಅಮಾವಾಸ್ಯೆ ಬುಧವಾರ.

"ಬುಧವಾರ ಆಕಿ ಹೋಗಿ ವರ್ಷ ಆಗ್ತದ್ರಿ," ಎಂದ. "ಎಡಿ ಇಡಲಾಕ ಮೀಸಲ ಇಟ್ಟಿದ್ದೆ."

ಪದ್ಮಳ ಕೈ ಪಿನ್ನಿನ ಮೇಲೆ ನಿಂತಿತು. "ಅಯ್ಯೋ. ಮೊದಲೇ ಹೇಳ್ಬಾರದಾ? ಇರ್ಲಿ, ಮಿಕ್ಕಿದ್ರೆ ಡಬ್ಬಿಗೆ ಹಾಕಿ ಫ್ರೀಜ್ ಮಾಡು. ಬುಧವಾರ ಇಟ್ರಾಯ್ತು."

ನಿಂಗಪ್ಪ ಪಾತ್ರೆಯ ಮುಚ್ಚಳ ಹಾಕಿದ. ಅವನ ದನಿ ತೀರ ತಗ್ಗಿತು. "ರುಚಿ ನೋಡೀರೇನ್ರಿ ಅವ್ವಾರ?"

"ರುಚಿ ನೋಡ್ದೆ ಉಪ್ಪು ಹೇಗೋ ಹಾಕೋದು?"

"ಹಂಗಿದ್ರ ಆತು ಬಿಡ್ರಿ," ಎಂದ ನಿಂಗಪ್ಪ. ಕಳಚಿದ ಗ್ಲೌಸನ್ನು ಮತ್ತೆ ಹಾಕಿಕೊಂಡ. ಹಗ್ಗ ಬಿಚ್ಚಿ ಜೇಬಿಗೆ ಹಾಕಿದ. ಗಾಡಿ ತಳ್ಳಿದ.

ಸಭಾಂಗಣದಲ್ಲಿ ಮೂರು ಧ್ವಜಗಳಿದ್ದವು. ವೇದಿಕೆಯ ಮೇಜಿನ ಒಂದು ಮಗ್ಗುಲಲ್ಲಿ ಹೊಸದಾಗಿ ಇಸ್ತ್ರಿ ಮಾಡಿದಂತಿದ್ದ ಮಲಾವಿ ಮೂಟೆ, ಈ ಸಲ ಹೆಸರು ಹೊರಗೆ. ಇನ್ನೊಂದು ಮಗ್ಗುಲಲ್ಲಿ, ಸೋಲಲೆಂದು ತಂದ 'ಅಪ್ಪಟ ಗುಲ್ಬರ್ಗ'ದ ಪ್ಯಾಕೆಟ್ಟು. ಹಿಂದಿನ ಸಾಲುಗಳಲ್ಲಿ ಶಿಕಾಗೋ ಸುತ್ತಮುತ್ತಲಿನ ಅರವತ್ತು ಜನ ಕನ್ನಡಿಗರು. ಮುಂದಿನ ಸಾಲಿನಲ್ಲಿ ನಿಯೋಗ. ಅದರಲ್ಲಿ ಆರು ಜನ ಅಧಿಕಾರಿಗಳು. ಏಳನೆಯವಳು ಮಿಸೆಸ್ ಫಿರಿ, ತೊಗರಿ ಬೆಳೆಯುವ ಹೆಂಗಸರ ಸಂಘದ ಮುಖ್ಯಸ್ಥೆ. ಅಗಲ ಅಂಗೈಯ, ಕಪ್ಪು ಶೂ ಸ್ವಲ್ಪ ಬಿಗಿಯಾದ ಹೆಂಗಸು. ಅವಳ ಪಕ್ಕದಲ್ಲಿ ತಿರುಮಲೇಶನ ಮಗಳು ಇಂಚರ ಕೂತಿದ್ದಳು. ಇಲ್ಲೇ ಹುಟ್ಟಿದವಳು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಅತಿಥಿಗಳಿಗೆ ಮಾತು ದಾಟಿಸುವ ಕೆಲಸ ಅವಳದು.

ನಿಂಗಪ್ಪ ಪ್ರತಿಯೊಬ್ಬರಿಗೂ ಎರಡೆರಡು ಪುಟ್ಟ ಕಪ್ಪುಗಳಲ್ಲಿ ಒಂದೊಂದು ಸೌಟು ಬಡಿಸಿದ. ಬಿ ಕಪ್ಪು ಬಂದಾಗ ಯಾರೂ ಅವನ ಮುಖ ನೋಡಲಿಲ್ಲ. ಮಿಸೆಸ್ ಫಿರಿ ಮಾತ್ರ ಥ್ಯಾಂಕ್ಯೂ ಅಂದಳು.

"ಕಣ್ಣು ಮುಚ್ಕೊಂಡು ಹೇಳ್ತೀನಿ," ಎಂದಳು ಡಾಕ್ಟರ್ ಪವಿತ್ರ, ನಿಜವಾಗಿಯೂ ಕಣ್ಣು ಮುಚ್ಚಿ. "ಎ ನಮ್ಮ ಗುಲ್ಬರ್ಗ. ಡೆವನ್ ಅವೆನ್ಯೂ ಇಂಡಿಯನ್ ಅಂಗಡಿಗೆ ಡ್ರೈವ್ ಮಾಡ್ಕೊಂಡು ಹೋಗಿ ಇದನ್ನೇ ತರ್ತೀನಿ ನಾನು. ನಮ್ಮಜ್ಜಿ ಕೈ ರುಚಿ."

"ಕರೆಕ್ಟ್," ಎಂದರು ಹಿಂದಿನ ಸಾಲಿನ ಒಬ್ಬ ಅಂಕಲ್. "ಬಿ ಆಫ್ರಿಕಾದ್ದು. ಏನೋ ಒಂಥರಾ ಮಣ್ಣು ಮಣ್ಣು."

"ತೊಳ್ದೇ ಇಲ್ವೇನೋ."

"ಮಕ್ಕಳಿಗೆ ಕೊಡ್ಬೇಡಿ, ಹೊಟ್ಟೆ ಕೆಡತ್ತೆ."

ಕೈ ಎತ್ತಿಸಿದಾಗ ಎ ಪಾತ್ರೆಯೇ ಗುಲ್ಬರ್ಗದ್ದೆಂದು ಐವತ್ತೇಳು ಕೈಗಳು ಸಾಕ್ಷಿ ಹೇಳಿದವು. ಮೂರು ಜನ ಫೋನ್ ನೋಡುತ್ತಿದ್ದರು.

ತಿರುಮಲೇಶ ಮೈಕಿನ ಮುಂದೆ ಬೇಕೆಂದೇ ತಡಮಾಡಿದ. ಆಮೇಲೆ ಹೇಳಿದ: "ಫ್ರೆಂಡ್ಸ್, ನೀವೆಲ್ಲ ಗುಲ್ಬರ್ಗ ಅಂದ್ರಲ್ಲ, ಎ? ಅದು ಮಲಾವಿ. ಮಣ್ಣು ಅಂದ್ರಲ್ಲ, ಅದು ನಮ್ಮೂರಿಂದ ತರಿಸಿದ್ದು."

ಸಭೆ ಮೊದಲು ಬೆಪ್ಪಾಗಿ, ಆಮೇಲೆ ನಕ್ಕು, ಆಮೇಲೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಅಧಿಕಾರಿಗಳು ಒಬ್ಬರ ಕೈ ಒಬ್ಬರು ಕುಲುಕಿದರು. ಮಿಸೆಸ್ ಫಿರಿ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡಳು. ಅವಳ ಸಂಘದ ಹೆಂಗಸರ ಬೇಳೆ ಗೆದ್ದಿತ್ತು. ಅದು ಸುಳ್ಳೂ ಅಲ್ಲ.

"ಒರಿಜಿನಲ್ಲೇ ಸರಿ ಇಲ್ವಲ್ರೀ ತಿರುಮಲೇಶ್," ಎಂದು ಮಾಧವ ಕೂತಲ್ಲಿಂದಲೇ ಕೂಗಿದ. "ನಮ್ಮ ಡೆಟ್ರಾಯಿಟ್ ಕಡೆಗೆ ತಿಂಗಳಿಗೆ ಎರಡು ಕಂಟೇನರ್ ಬರ್ಕೊಳ್ಳಿ. ಆ ಮಣ್ಣನ್ನ ಎಸೀರಿ ಅತ್ಲಾಗೆ."

ಬಿ ಪಾತ್ರೆ ಮುಕ್ಕಾಲು ಹಾಗೇ ಉಳಿದಿತ್ತು.

ನಿಂಗಪ್ಪ ಎರಡೂ ಕೈಯ ಗ್ಲೌಸು ಕಳಚಿ ಪಾತ್ರೆಯ ಪಕ್ಕದಲ್ಲಿಟ್ಟ. ನಡೆದು ವೇದಿಕೆ ಹತ್ತಿದ. ಏನೋ ಒರೆಸಲು ಬಂದಿದ್ದಾನೆಂದು ತಿರುಮಲೇಶ ಪಕ್ಕಕ್ಕೆ ಸರಿದು ಜಾಗ ಕೊಟ್ಟ. ನಿಂಗಪ್ಪ ಗುಲ್ಬರ್ಗದ ಪ್ಯಾಕೆಟ್ಟನ್ನು ಎತ್ತಿ, ಹಲ್ಲಿನಿಂದ ಮೂಲೆ ಕಿತ್ತು, ಬಿಳಿ ಮೇಜುವಸ್ತ್ರದ ಮೇಲೆ ಅಷ್ಟನ್ನೂ ಸುರಿದ. ಬೇಳೆ ಉರುಳಿ ನೆಲಕ್ಕೆ ಬಿತ್ತು.

"ಏಯ್. ಏನೋ ಮಾಡ್ತಿದ್ದೀಯ?"

ನಿಂಗಪ್ಪ ಬೇಳೆಯಲ್ಲಿ ಬೆರಳಾಡಿಸಿದ. ಜರಡಿಯ ಕಣ್ಣು ತಪ್ಪಿಸಿ ದಾರದ ಚೂರು ಬೀಳುತ್ತದೆಂದು ಅವನಿಗೆ ಗೊತ್ತಿತ್ತು. ಅದಕ್ಕಾಗಿ ಎಷ್ಟೋ ಸಲ ಬೈಸಿಕೊಂಡಿದ್ದ. ಸಿಕ್ಕಿತು. ಬೆರಳುದ್ದದ ಹಸಿರು ನೂಲು. ಜೇಬಿನ ಹಗ್ಗ ತೆಗೆದು ಅದರ ಪಕ್ಕದಲ್ಲಿಟ್ಟ.

"ಆರ್ ವರ್ಷ ಗುಲ್ಬರ್ಗ ಅಂತ ನೀವು ತಿಂದದ್ದು ಇವರ ಬ್ಯಾಳಿ ರಿ," ಎಂದ ಸಭೆಗೆ, ನಿಯೋಗದ ಕಡೆ ಕೈ ತೋರಿಸಿ. ಮೈಕು ಬೇಕಾಗಲಿಲ್ಲ. "ಮೂಟಿ ಬಿಚ್ಚಿದಾಂವ ನಾನು, ಪ್ಯಾಕೆಟ್ ತುಂಬಿದಾಂವ ನಾನು. ಗುಲ್ಬರ್ಗಾದ್ದು ಅಂದ್ರ ಅದೊಂದೇ ಪಾತ್ರಿ. ಅದು ನನ್ನ ಹೇಣ್ತಿ ಬೀಸಿದ್ದು. ಆಕಿ ಸತ್ತಾಳ. ಆಕಿಗಿ ಇಡಬೇಕಾದ ಎಡಿ ಮುರದು ತಿಂದು, ಮಣ್ಣ ಅಂದ್ರಿ. ಹೌದ್ರಿ, ಮಣ್ಣೇ. ಕೆಮ್ಮಣ್ಣ."

ಅರವತ್ತು ಜನರಿಗೆ ಅವನು ಹೇಳಿದ್ದು ಅಕ್ಷರ ಅಕ್ಷರ ತಿಳಿಯಿತು. ಡಾಕ್ಟರ್ ಪವಿತ್ರ ತನ್ನ ಬ್ಯಾಗಿನಲ್ಲಿ ಏನನ್ನೋ ಹುಡುಕತೊಡಗಿದಳು. ಅಂಕಲ್, ನಾರ್ತ್ ಕರ್ನಾಟಕದ ಕನ್ನಡ ಸ್ವಲ್ಪ ಕಷ್ಟ ಎಂದು ಪಕ್ಕದವರಿಗೆ ಹೇಳಿದರು.

ತಿಳಿಯದಿದ್ದುದು ಏಳು ಜನರಿಗೆ. ಅವರಲ್ಲಿ ಒಬ್ಬಳು ಎದ್ದು ಬಂದಳು. ಮಿಸೆಸ್ ಫಿರಿ ಹಗ್ಗವನ್ನು ಎತ್ತಿ ಬೆಳಕಿಗೆ ಹಿಡಿದಳು. ಚೂರು ನೂಲನ್ನು ಉಗುರಿನಿಂದ ಬಿಡಿಸಿ ಎಳೆ ಎಣಿಸಿದಳು. ಪ್ಯಾಕೆಟ್ಟಿನ ಮೇಲಿನ ನಗುವ ರೈತನನ್ನು ನೋಡಿದಳು. ಇಂಚರಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು: ಈ ದಾರದಲ್ಲಿ ನಾವು ಮೂಟೆ ಹೊಲಿಯುತ್ತೇವೆ. ಇದು ಆ ಚೀಲದೊಳಗೆ ಹೇಗೆ ಬಂತು? ಇವನು ಏನು ಹೇಳುತ್ತಿದ್ದಾನೆ?

ಇಂಚರ ಅಪ್ಪನನ್ನು ನೋಡಿದಳು. ತಿರುಮಲೇಶ ನಗುತ್ತಲೇ ಇದ್ದ, ಮೈಕಿನ ಕಡ್ಡಿಯನ್ನು ಬಿಗಿಯಾಗಿ ಹಿಡಿದು.

"ಇದ್ದದ್ದು ಇದ್ದಂಗ ಹೇಳವ್ವ," ಎಂದ ನಿಂಗಪ್ಪ. "ನಿನಗ ತಿಳೀತದ."

ಹುಡುಗಿ ನಾಲಿಗೆಯಿಂದ ತುಟಿ ಒದ್ದೆ ಮಾಡಿಕೊಂಡಳು. ಅವನ ಹೆಂಡತಿ ತೀರಿಕೊಂಡಿದ್ದಾಳೆ, ಎಂದಳು ಇಂಗ್ಲಿಷಿನಲ್ಲಿ. ತಲೆ ಸರಿ ಇಲ್ಲ. ಇದು ಅಡುಗೆಮನೆಯ ಟವೆಲಿನ ನೂಲಂತೆ.

ಟವೆಲ್ ಎಂಬ ಮಾತು ನಿಂಗಪ್ಪನಿಗೆ ತಿಳಿಯಿತು.

ಮಿಸೆಸ್ ಫಿರಿ ಬಹಳ ಹೊತ್ತು ಅವನನ್ನೇ ನೋಡಿದಳು. ಮೇಜಿನ ಮೇಲಿಂದ ನಾಲ್ಕು ಬೇಳೆ ಹೆಕ್ಕಿ ತನ್ನ ಅಂಗೈಯಲ್ಲಿ ಹಾಕಿ, ಅಂಗೈಯನ್ನು ಅವನ ಮುಂದೆ ಹಿಡಿದಳು. "ನಂದೋಲೊ," ಎಂದಳು.

"ತೊಗರಿ," ಎಂದ ನಿಂಗಪ್ಪ.

ಅವಳು ತಲೆಯಾಡಿಸಿದಳು. ಹಗ್ಗವನ್ನು ಅವನ ಕೈಗೆ ಕೊಟ್ಟು, ಚೂರು ನೂಲನ್ನು ತನ್ನ ಬೆರಳಿಗೆ ಸುತ್ತಿಕೊಂಡು ಹೋಗಿ ಕೂತಳು. ಮುಂದಿನ ಭಾಷಣಗಳಿಗೆ ಅವಳು ಚಪ್ಪಾಳೆ ತಟ್ಟಲಿಲ್ಲ. ಆದರೆ ಸಹಿ ಹಾಕುವ ಅಧಿಕಾರ ಅವಳದಾಗಿರಲಿಲ್ಲ.

"ಬುಧವಾರದೊಳಗೆ ಗೋಡೌನ್ ಖಾಲಿ ಮಾಡ್ಬೇಕು, ಲೌಡಿ ಮಗನೆ," ಎಂದು ತಿರುಮಲೇಶ ಮೈಕು ಮುಚ್ಚಿಕೊಂಡು, ನಗು ಕೆಡದಂತೆ ಹೇಳಿದ. "ಪಾಸ್‌ಪೋರ್ಟ್ ಗೀಸ್‌ಪೋರ್ಟ್ ಅಂತ ಬಾಗಿಲಿಗೆ ಬಂದ್ರೆ ಪೊಲೀಸ್ ಕರೀತೀನಿ."

ನಿಂಗಪ್ಪ ಹಿಂಬಾಗಿಲಿಗೆ ಬಂದಾಗ ಹೋಟೆಲಿನವನೊಬ್ಬ ಬಿ ಪಾತ್ರೆಯನ್ನು ಸಿಂಕಿಗೆ ಬಗ್ಗಿಸಿದ್ದ. ಹಳದಿ ತೊವ್ವೆ ಜಾಲರಿಯ ಮೇಲೆ ನಿಂತು, ನೀರು ಬಿಟ್ಟ ಮೇಲೆ ಇಳಿಯಿತು. ತಳದಲ್ಲಿ ಚೂರು ಕೆಂಪು ಉಳಿದಿತ್ತು. ಅದನ್ನೂ ಉಜ್ಜಿ ತೊಳೆದ.

ಒಪ್ಪಂದಕ್ಕೆ ಸೋಮವಾರ ಡೆಟ್ರಾಯಿಟ್‌ನಲ್ಲಿ ಸಹಿ ಬಿತ್ತು. ಅದರ ಹನ್ನೊಂದನೆಯ ಷರತ್ತಿನಂತೆ ಇನ್ನು ಮುಂದೆ ಮೂಟೆಗಳನ್ನು ಬಿಳಿ ನೂಲಿನಿಂದಲೇ ಹೊಲಿಯತಕ್ಕದ್ದು. ಬುಧವಾರ ಅಮಾವಾಸ್ಯೆ. ಶರಣಮ್ಮನ ಎಡೆ ಆಗಲಿಲ್ಲ.